ಪಟ್ಟಿಯಲ್ಲಿ ಬಿಟ್ಟುಹೋದ ಹೆಸರು

ಮೊಮ್ಮಕ್ಕಳೇ, ಕಳೆದ ತಿಂಗಳು ನಾನು ನಿಮ್ಮ ಮನೆಯಲ್ಲಿದ್ದಾಗ ನಿಮ್ಮಲ್ಲಿ ದೊಡ್ಡವಳು ಪರೀಕ್ಷೆಗೆ ಹೊರಟು, ಹಾಲ್ ಟಿಕೆಟ್ ಮರೆತು ಅರ್ಧ ದಾರಿಯಿಂದ ತಿರುಗಿ ಬಂದಳು. ನಿಮ್ಮಪ್ಪ ಚಹಾ ಕುಡಿಯುತ್ತ, "ಮುತ್ಯಾನ ತಲಿ ಬಂದೈತಿ ಇಕಿಗೆ, ಏನ್ ಮಾಡಾಕ ಬರ್ತೈತಿ" ಅಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಸಂಜೆ ನಾನು ಶೇಂಗಾ ಸುಲಿಯುತ್ತಿದ್ದಾಗ ಪಕ್ಕಕ್ಕೆ ಬಂದು ಕುಳಿತು, "ಆಯಿ, ಮುತ್ಯಾಗ ಖರೇನ ತಲಿ ಹೋಗಿತ್ತೇನು? ಅದು ನಮಗೂ ಬರ್ತೈತೇನು?" ಎಂದು ಕೇಳಿದಳು. ನಾನು ಶೇಂಗಾದ ಬುಟ್ಟಿ ಅವಳ ಕಡೆ ಸರಿಸಿದೆ.

ಉತ್ತರ ಇಲ್ಲಿದೆ. ನಿಮ್ಮ ಮುತ್ಯಾ ಅಂದರೆ ನನ್ನ ಯಜಮಾನರ ತಲೆ ಕೊನೆಯ ದಿನದವರೆಗೂ ನೆಟ್ಟಗಿತ್ತು. ಕಣ್ಣು ಹೋಗಿತ್ತು, ತಲೆ ಹೋಗಿರಲಿಲ್ಲ. ಹೋಗಿದೆ ಅನ್ನುವ ಮಾತು ಹುಟ್ಟಿದ್ದು ನನ್ನ ಬಾಯಿಂದ. ನಾಲ್ಕು ಜನರ ಮುಂದೆ ಮಾತಾಡಲು ನನಗೆ ಈಗಲೂ ಬರುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಲಚ್ಯಾಣದ ಆಚೆಯ ಒಂದು ಹಳ್ಳಿಯ ಸಾಲಿಯಲ್ಲಿ, ಏಳನೆಯ ಇಯತ್ತೆವರೆಗೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಬರುತ್ತಿದ್ದವು, ಅಷ್ಟೇ. ನಿಮ್ಮ ಮುತ್ಯಾ ತಾಂಬಾದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರಾಗಿದ್ದರು. ಸಾಲಿಗೆ ನಾಲ್ಕು ಕಂಪ್ಯೂಟರ್ ಬಂದಾಗ ಅವನ್ನು ಯಾರೂ ಮುಟ್ಟಲಿಲ್ಲ, ಇವರು ಮುಟ್ಟಿದರು. ಪುಸ್ತಕ ತರಿಸಿ ತಾವೇ ಕಲಿತರು. ನಿವೃತ್ತಿಯಾಗಿ ನಾವು ಸಿಂದಗಿಗೆ ಬಂದ ಮೇಲೆ ಬಾಗೇವಾಡಿಯ ಒಂದು ಸಾಲಿಗೆ ವೇಳಾಪಟ್ಟಿಯ ಪ್ರೋಗ್ರಾಂ, ಇಂಡಿಯ ಒಂದು ವಾಚನಾಲಯಕ್ಕೆ ಪುಸ್ತಕದ ಪ್ರೋಗ್ರಾಂ, ಹೀಗೆ ಕೇಳಿದವರಿಗೆ ಬರೆದುಕೊಡುತ್ತಿದ್ದರು. ಕೂಡಿಸುವುದು ಕಳೆಯುವುದು ಅಲ್ಲ, ಪಾಳಿ ಹಚ್ಚುವ ಕೆಲಸ ಅವರಿಗೆ ಇಷ್ಟ. ಯಾರ ನಂತರ ಯಾರು, ಒಬ್ಬರಿಗೊಬ್ಬರು ಅಡ್ಡ ಬರದ ಹಾಗೆ ಹೇಗೆ, ಇದೇ ಅವರ ವಿಚಾರ.

ಆಮೇಲೆ ಸಕ್ಕರೆ ಕಾಯಿಲೆಗೆ ಕಣ್ಣು ಹೋಯಿತು. ಮೊದಲು ಅಕ್ಷರ ಹೋದವು, ಮುಂದೆ ಮುಖಗಳು. ನಿಮ್ಮಪ್ಪ ಓದಿ ಹೇಳುವ ಕಂಪ್ಯೂಟರ್ ತಂದುಕೊಟ್ಟ. ಎರಡು ದಿನ ಕೇಳಿದರು. "ಇದು ಉಸರ ತಗೊಳ್ಳೂದಿಲ್ಲ, ಬಂದ್ ಮಾಡು" ಅಂದರು. ನಂತರ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ನೀ ಓದು. ನಾ ಹೇಳಿದ್ದು ಒತ್ತು."

"ನನಗೇನ್ ತಿಳಿತೈತ್ರಿ ಇದರಾಗ?"

"ತಿಳೀಬೇಕಂತ ಯಾರಂದ್ರು? ಅಕ್ಷರ ಗೊತ್ತದಾವಲ್ಲ. ಹಾಲು ಹಾಕಾಂವಗ ಆಕಳ ಮನಸ್ಸು ತಿಳೀಬೇಕೇನು?"

ಹೀಗೆ ನಲವತ್ತು ವರ್ಷ ಒಲೆಯ ಮುಂದಿದ್ದ ನಾನು ಕಂಪ್ಯೂಟರಿನ ಮುಂದೆ ಬಂದೆ. ಅದರಲ್ಲಿ ಬರುವ ಮಾತುಗಳನ್ನು ಒಂದು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ವೇಟ್ ಅಂದರೆ ಕಾಯುವುದು, ರಿಲೀಸ್ ಅಂದರೆ ಬಿಡುವುದು. ಕೌದಿ ಹೊಲಿಯುವಾಗಿನ ಹಾಗೆ ಪ್ರೋಗ್ರಾಮಿನಲ್ಲೂ ಎಳೆಗಳು ಇರುತ್ತವೆ, ಎಲ್ಲವೂ ಒಟ್ಟಿಗೆ ನಡೆಯುತ್ತವೆ, ಎರಡು ಎಳೆ ಒಂದೇ ಕಡೆ ಕೈ ಹಾಕಿದರೆ ಸಿಕ್ಕು ಬೀಳುತ್ತದೆ ಎಂದು ಹೇಳಿಕೊಟ್ಟರು. ಆರು ತಿಂಗಳಲ್ಲಿ ಅವರು ಅರ್ಧ ಹೇಳುವಷ್ಟರಲ್ಲಿ ನನ್ನ ಬೆರಳು ಉಳಿದರ್ಧ ಒತ್ತಿರುತ್ತಿತ್ತು. ನನ್ನ ಬದುಕಿನಲ್ಲಿ ಅಷ್ಟು ಒಳ್ಳೆಯ ದಿನಗಳು ಬೇರೆ ಇರಲಿಲ್ಲ. ಅವರಿಗೆ ಕಣ್ಣು ಹೋದ ಕಾಲವನ್ನು ಒಳ್ಳೆಯ ದಿನ ಅನ್ನುವುದು ತಪ್ಪು. ಆದರೂ ಹಾಗಿತ್ತು.

ಒಂದೇ ತೊಡಕು ಇತ್ತು. ಅವರು ಬರೆದ ಪ್ರತಿ ಪ್ರೋಗ್ರಾಮಿನ ತಲೆಯಲ್ಲಿ ಅವರ ಹೆಸರಿರುತ್ತಿತ್ತು. ಮೊದಲ ದಿನ ಅಲ್ಲಿಗೆ ಬಂದು ನಾನು ನಿಂತುಬಿಟ್ಟೆ.

"ಯಾಕ ನಿಂತಿ?"

"ಇಲ್ಲೊಂದು ಐತ್ರಿ."

"ಏನೈತಿ?"

"ನಿಮ್ದು."

ಅವರು ಕೆಮ್ಮು ಬರುವ ತನಕ ನಕ್ಕರು. "ಲಗ್ನದಾಗ ಒಡಪು ಹೇಳು ಅಂದ್ರ ಅತ್ತಾಕಿ ನೀ. ಇನ್ನ ಈಗ ಹೇಳ್ತಿ?" ಅಂದರು. ಅದು ನಿಜ. ಮದುವೆಯ ದಿನ ಹೆಂಗಸರೆಲ್ಲ ಬಾಗಿಲು ಅಡ್ಡಗಟ್ಟಿ, ಗಂಡನ ಹೆಸರು ಸೇರಿಸಿ ಒಡಪು ಹೇಳಿದರೇ ಒಳಗೆ ಬಿಡುತ್ತೇವೆ ಅಂದಿದ್ದರು. ನಾನು ಅತ್ತೆನೇ ಹೊರತು ಹೇಳಲಿಲ್ಲ. ಕಡೆಗೆ ಅವರ ಅಕ್ಕ ಕನಿಕರಪಟ್ಟು ಕೈ ಹಿಡಿದು ಒಳಗೆ ಕರೆದುಕೊಂಡರು. ಆಮೇಲೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಂಪ್ಯೂಟರಿನ ಮುಂದೆ ನಾವೊಂದು ಉಪಾಯ ಮಾಡಿಕೊಂಡೆವು. ಅವರ ಹೆಸರು ಬಂದ ಕಡೆ ನಾನು ಬಳೆಯಿಂದ ಮೇಜಿನ ಅಂಚಿಗೆ ಎರಡು ಸಲ ತಟ್ಟುತ್ತಿದ್ದೆ. ಅವರು "ಹಾಂ" ಅನ್ನುತ್ತಿದ್ದರು. ನಾನು ಮುಂದಿನ ಸಾಲಿಗೆ ಹೋಗುತ್ತಿದ್ದೆ. ಒಂದೊಂದೇ ಅಕ್ಷರ ಓದಿದ್ದರೆ ಹೆಸರು ಹೇಳಿದಂತೆ ಆಗುತ್ತಿರಲಿಲ್ಲವಲ್ಲ ಎಂದು ನೀವು ಕೇಳಬಹುದು. ಅದು ಇಬ್ಬರಿಗೂ ಹೊಳೆಯಲಿಲ್ಲ. ಮನೆಯ ಕೋಣೆಯಲ್ಲಿ ಬಳೆಯೇ ಸಾಕಾಗುತ್ತಿತ್ತು.

ಮುದ್ದೇಬಿಹಾಳದಿಂದ ತಂಗಡಗಿಯ ಕಡೆ ಹೋದರೆ ಕೃಷ್ಣೆಯ ದಂಡೆಯಲ್ಲಿ ಕೆಲವು ರೈತರು ಸೇರಿ ನೀರೆತ್ತುವ ಸಂಘ ಮಾಡಿಕೊಂಡಿದ್ದರು. ನದಿಯಿಂದ ಬರುವ ಪೈಪು ಒಂದೇ. ಮುಂದೆ ಅದು ಎರಡಾಗಿ ಒಂದು ಮೇಲಿನ ಹೊಲಗಳಿಗೆ, ಇನ್ನೊಂದು ಕೆಳಗಿನ ಹೊಲಗಳಿಗೆ ಹೋಗುತ್ತಿತ್ತು. ಎರಡೂ ವಾಲ್ವ್ ಒಟ್ಟಿಗೆ ತೆರೆದರೆ ಎರಡೂ ಕಡೆ ನೀರು ಏರುತ್ತಿರಲಿಲ್ಲ. ವಾಲ್ವ್ ತೆರೆಯಲು ಮುಚ್ಚಲು ಮುತ್ಯಾ ಎರಡು ಪ್ರೋಗ್ರಾಂ ಬರೆದರು, ಮೇಲಿನದಕ್ಕೊಂದು, ಕೆಳಗಿನದಕ್ಕೊಂದು. ಎರಡರ ನಡುವೆ ಒಂದು ಬೀಗ ಇಟ್ಟರು. ಪುಸ್ತಕದಲ್ಲಿ ಅದಕ್ಕೆ ಮ್ಯೂಟೆಕ್ಸ್ ಅನ್ನುತ್ತಾರೆ; ನಾವು ಮನೆಯಲ್ಲಿ ಪಾಳಿ ಅನ್ನುತ್ತಿದ್ದೆವು. ವಾಲ್ವ್ ತೆರೆಯಬೇಕಾದ ಪ್ರೋಗ್ರಾಂ ಮೊದಲು ಪಾಳಿ ಹಿಡಿಯಬೇಕು. ಹಿಡಿದದ್ದು ಬಿಡುವ ತನಕ ಇನ್ನೊಂದು ಕಾಯಬೇಕು.

ಆ ಪಾಳಿಗೆ ಒಂದು ಪಟ್ಟಿ ಇರುತ್ತದೆ. ಅದಕ್ಕಾಗಿ ಯಾರು ಕಾಯಬಹುದು, ಹಿಡಿದದ್ದನ್ನು ಯಾರು ಬಿಡಬಹುದು, ಪಟ್ಟಿಯನ್ನೇ ತಿದ್ದುವ ಹಕ್ಕು ಯಾರಿಗೆ, ಎಲ್ಲ ಅದರಲ್ಲಿ ಬರೆದಿರಬೇಕು. ಕಂಪ್ಯೂಟರ್ ಮುಖ ನೋಡುವುದಿಲ್ಲ. ಯಾವ ಹೆಸರಿನಿಂದ ಒಳಗೆ ಬಂದಿದ್ದೀರಿ ಅನ್ನುವುದನ್ನಷ್ಟೇ ನೋಡುತ್ತದೆ. ಮುತ್ಯಾ ಮೊದಲು ಆ ಪಟ್ಟಿ ಬರೆಯಲೇ ಇಲ್ಲ. ಎಲ್ಲರಿಗೂ ಎಲ್ಲ ಹಕ್ಕು ಎಂದು ಒಂದೇ ಸಾಲು ಬರೆಸಿದರು. ನಾನು ಒತ್ತುತ್ತ, "ಹಿಂಗ ಬಿಟ್ರ ನಡಿತೈತೇನ್ರಿ?" ಅಂದೆ. "ನಮ್ಮವ್ವ ಕೊಡ ಹಿಡ್ಕೊಂಡು ಬಾವಿಯಿಂದ ದೂರ ನಿಂದರ್ತಿದ್ಲು. ಯಾರರೆ ಬಂದು ಸೇದಿ ಹಾಕಬೇಕು. ಹಗ್ಗ ಮುಟ್ಟಂಗಿರಲಿಲ್ಲ. ನೀರಿಗೆ ಯಾರು ಮುಟ್ಟಬಹುದು ಯಾರು ಮುಟ್ಟಬಾರದು ಅಂತ ನನ್ನ ಕೈಲೆ ಬರಸಬ್ಯಾಡ" ಅಂದರು. ನಾನು ಆ ಸಾಲನ್ನು ಹಾಗೇ ಒತ್ತಿ ಮುಗಿಸಿದೆ.

ಮೂರು ವರ್ಷ ಅದು ಹಾಗೇ ನಡೆಯಿತು. ಒಂದು ದಿನ ಸಂಘದ ಗುಮಾಸ್ತ ಆ ಕಂಪ್ಯೂಟರಿನಲ್ಲಿ ಮುತ್ಯಾ ಹಿಂದೆ ಪರೀಕ್ಷೆಗೆಂದು ಬರೆದು ಬಿಟ್ಟಿದ್ದ ಸಣ್ಣ ಪ್ರೋಗ್ರಾಂ ಒಂದನ್ನು ಏನೋ ಎಂದು ಒತ್ತಿದ. ಅದು ಪಾಳಿ ಹಿಡಿಯಿತು, ಬಿಡಲಿಲ್ಲ. ಗುಮಾಸ್ತ ಊಟಕ್ಕೆ ಹೋದವನು ಮರುದಿನ ಬಂದ. ಆ ತನಕ ಮೇಲೂ ನೀರಿಲ್ಲ, ಕೆಳಗೂ ನೀರಿಲ್ಲ. ಅಧ್ಯಕ್ಷರು ಫೋನು ಮಾಡಿ, "ಮಾಸ್ತರ, ನಿಮ್ಮ ಮನಿ ಅಗಳಿ ಹಿಂಗ ತಗದ ಇಡ್ತೀರೇನ್ರಿ ಊರ ಮಂದಿಗೆಲ್ಲ?" ಎಂದು ಕೇಳಿದರು. ಪಟ್ಟಿ ಬರೆಯಲೇಬೇಕಾಯಿತು.

ಸಿಂದಗಿಯಿಂದ ಬಾಗೇವಾಡಿಗೆ, ಅಲ್ಲಿಂದ ಮುದ್ದೇಬಿಹಾಳಕ್ಕೆ, ಮುಂದೆ ಸಂಘದ ಜೀಪಿನಲ್ಲಿ ಪಂಪ್ ಹೌಸಿಗೆ ಹೋದೆವು. ಮನೆಯ ಹೊರಗೆ ನಾನು ಅವರಿಗೆ ಓದಿ ಹೇಳಿದ್ದು ಅದೇ ಮೊದಲು. ಕೋಣೆ ಸಣ್ಣದು, ಗೋಡೆಯ ಆಚೆ ಮೋಟಾರು. ಅಧ್ಯಕ್ಷರು, ಗುಮಾಸ್ತ, ಇನ್ನಿಬ್ಬರು ಗಂಡಸರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ನಾನು ತಲೆಯ ಮೇಲಿನ ಸೆರಗು ಮುಂದಕ್ಕೆಳೆದುಕೊಂಡೆ. ಹಿಂದಿನಿಂದ ಒಬ್ಬರು, "ಆಯಿ ಕಂಪ್ಯೂಟರ್ ನಡಸ್ತಾಳಪಾ, ನಮ್ಮ ಮನ್ಯಾಕಿಗೆ ಮಿಕ್ಸರ್ ಹಚ್ಚಾಕ ಬರೂದಿಲ್ಲ" ಅಂದರು. ಉಳಿದವರು ನಕ್ಕರು.

ಗುಮಾಸ್ತ ನಡುವೆ ಏನೇನೋ ಬದಲಿಸಿದ್ದರಿಂದ, ಯಾವ ಪ್ರೋಗ್ರಾಂ ಈಗ ಯಾವ ಹೆಸರಿನಲ್ಲಿ ನಡೆಯುತ್ತಿದೆ ಎಂದು ಮುತ್ಯಾಗೆ ತಿಳಿಯಬೇಕಿತ್ತು. ತಮ್ಮ ನೆನಪನ್ನು ನಂಬಿ ಕೆಲಸ ಮಾಡುವವರಲ್ಲ ಅವರು. "ಹೆಸರು ಓದು" ಅಂದರು. ಮೂರು ಸಾಲು ಇದ್ದವು. ಮೊದಲನೆಯದು ಆಫೀಸ್, ಓದಿದೆ. ಎರಡನೆಯದು ಪಂಪ್, ಮೇಲಿನ ಹೊಲಗಳ ವಾಲ್ವಿನದು, ಓದಿದೆ. ಮೂರನೆಯದು, ಕೆಳಗಿನ ಹೊಲಗಳ ವಾಲ್ವ್ ನಡೆಸುವ ಪ್ರೋಗ್ರಾಂ, ಅವರ ಹೆಸರಿನಲ್ಲೇ ಇತ್ತು. ಮೊದಲ ದಿನ ಅವರೇ ಹಾಗೆ ಹಚ್ಚಿದ್ದರು, ಗುಮಾಸ್ತ ಅದನ್ನು ಮುಟ್ಟಿರಲಿಲ್ಲ. ನಾನು ಬಳೆ ತಟ್ಟಿದೆ. ಮನೆಯಲ್ಲಿ ತಟ್ಟಿದ ಹಾಗಲ್ಲ. ಗಂಡಸರ ಮುಂದೆ ಬಳೆ ಸದ್ದು ಮಾಡಬಾರದೆಂದು ಮೆಲ್ಲಗೆ ತಟ್ಟಿದೆ. ಮೋಟಾರಿನ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ.

ಅವರು "ಹಾಂ" ಅನ್ನಲಿಲ್ಲ.

"ಇಷ್ಟ ಏನು?" ಎಂದು ಕೇಳಿದರು.

ನಾನು "ಹೂಂ" ಅಂದೆ.

ಅವರು ಎರಡು ಹೆಸರಿನ ಪಟ್ಟಿ ಹೇಳಿದರು, ನಾನು ಒತ್ತಿದೆ. ಮೂರನೆಯದು ಯಾಕಿಲ್ಲ ಎಂಬ ವಿಚಾರ ಬಂತು. ತಮ್ಮ ಹೆಸರನ್ನು ಎಲ್ಲಿಯೂ ಮುಂದೆ ಮಾಡುವವರಲ್ಲವಲ್ಲ, ಬೇಕೆಂದೇ ಬಿಟ್ಟಿರಬೇಕು ಅಂದುಕೊಂಡೆ. ಹಾಗೆ ಅಂದುಕೊಂಡರೆ ಬಾಯಿ ತೆರೆಯುವ ಕೆಲಸ ತಪ್ಪುತ್ತಿತ್ತು.

ಮೂರು ದಿನದ ಮೇಲೆ ಕರೆಂಟು ಹೋಗಿ ಬಂದು, ಕಂಪ್ಯೂಟರ್ ಹೊಸದಾಗಿ ಶುರುವಾದಾಗ ಹೊಸ ಪಟ್ಟಿ ಜಾರಿಗೆ ಬಂತು. ಕೆಳಗಿನ ಹೊಲಗಳ ಪ್ರೋಗ್ರಾಂ ತನ್ನ ಹೊತ್ತಿಗೆ ಪಾಳಿ ಕೇಳಿತು. ಅನುಮತಿ ಇಲ್ಲ ಎಂಬ ಉತ್ತರ ಬಂತು. ಮತ್ತೆ ಕೇಳಿತು, ಮತ್ತೆ ಅದೇ ಉತ್ತರ. ಅದನ್ನೆಲ್ಲ ಕಂಪ್ಯೂಟರ್ ಬರೆದಿಡುತ್ತಲೇ ಇತ್ತು, ಓದುವವರು ಇರಲಿಲ್ಲ. ಮೇಲಿನವರಿಗೆ ನೀರು ಬರುತ್ತಿದ್ದರಿಂದ ಯಾರೂ ಗದ್ದಲ ಮಾಡಲಿಲ್ಲ. ನೀರು ನಿಂತ ನಾಲ್ಕನೆಯ ದಿನ ಕೆಳಗಿನ ಹೊಲದ ಒಬ್ಬ ಮುದುಕಿ ಬಾಡಿದ ಉಳ್ಳಾಗಡ್ಡಿ ಸಸಿಗಳನ್ನು ಉಡಿಯಲ್ಲಿ ತುಂಬಿಕೊಂಡು ಬಂದು ಸಂಘದ ಮೇಜಿನ ಮೇಲೆ ಸುರಿದಳಂತೆ. "ಕುರುಡ ಮಾಸ್ತರನ ಕೈಯಾಗ ನೀರು ಕೊಟ್ರಿ, ಅನುಭೋಗಸ್ರಿ" ಅಂದಳಂತೆ.

ಸಂಘದವರು ವಿಜಯಪುರದಿಂದ ಒಬ್ಬ ಇಂಜಿನಿಯರ್ ಹುಡುಗಿಯನ್ನು ಕರೆಸಿದರು, ನಮ್ಮನ್ನೂ ಕರೆಸಿದರು. ನಮ್ಮ ಮಗಳಾಗುವ ವಯಸ್ಸಿನವಳು. ಮುತ್ಯಾನ ಪ್ರೋಗ್ರಾಮನ್ನು ತುಂಬ ಹೊತ್ತು ಓದಿ, "ಎಷ್ಟ ಚಂದ ಬರದೀರಿ ಸರ್" ಅಂದಳು. ಆಮೇಲೆ ಪಟ್ಟಿಗೆ ಬಂದಳು.

"ಸರ್, ನಿಮ್ಮ ಹೆಸರಿಂದು ಬಿಟ್ಟೈತ್ರಿ. ಕೆಳಗಿಂದು ನಿಮ್ಮ ಹೆಸರಿಲೇ ನಡದೈತಿ, ಪಟ್ಟಿಯೊಳಗಿಲ್ಲ."

"ಇನ್ನೂ ನನ್ನ ಹೆಸರಿಲೆ ನಡದಿತ್ತೇನು?" ಎಂದು ಮುತ್ಯಾ ಕೇಳಿದರು. "ಗುಮಾಸ್ತ ಬದಲ ಮಾಡ್ಯಾನ, ಎರಡ ಹೆಸರು ಅದಾವಂತ ನಾ ತಿಳದಿದ್ದೆ."

ಅವಳು ನನ್ನ ಕಡೆ ತಿರುಗಿದಳು. ಜೋರು ಮಾಡಿ ಕೇಳಲಿಲ್ಲ. "ಅವ್ವಾರ, ನೀವ ಅಲ್ರೀ ಓದಿ ಹೇಳಿದ್ದು? ಮೂರನೇದು ಹೇಳಿದ್ರಿ?"

ಹಿಂದೆ ಅದೇ ನಾಲ್ವರು ಗಂಡಸರು. ಆ ಮುದುಕಿಯೂ ಬಾಗಿಲಲ್ಲಿ ನಿಂತಿದ್ದಳು. ಬಳೆ ತಟ್ಟಿದೆ ಎಂದು ಹೇಗೆ ಹೇಳುವುದು? ಯಾಕೆ ತಟ್ಟಿದೆ ಎಂದು ಹೇಳಬೇಕು. ನಗುತ್ತಾರೆ. ನಾನು ನೆಲ ನೋಡುತ್ತ, "ಹೇಳಿನ್ರಿ" ಅಂದೆ.

ಮುತ್ಯಾ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದರು. ಅವರು ಅಲ್ಲವೆಂದು ವಾದಿಸುತ್ತಾರೆ ಎಂದು ಕಾಯುತ್ತಿದ್ದೆ. ವಾದಿಸಿದ್ದರೆ ನಿಜ ಹೊರಗೆ ಬರುತ್ತಿತ್ತೇನೋ. ಅವರು ಕೈಯಿಂದ ಹಣೆ ಒರೆಸಿಕೊಂಡು, "ಅಕಿ ಹೇಳೇನಿ ಅಂದ್ರ ಹೇಳಿರ್ತಾಳ. ನಾನ ಮರತಿರಬೇಕು" ಅಂದರು.

ಕೆಲಸ ಬೇರೆಯವರಿಗೆ ಹೋಯಿತು. ಅದು ದೊಡ್ಡ ಮಾತಲ್ಲ. ಅಧ್ಯಕ್ಷರು ನಿಮ್ಮಪ್ಪನಿಗೆ ಫೋನು ಮಾಡಿ, "ಮಾಸ್ತರಿಗೆ ಹೇಳಿದ್ದು ನಿಂದರವಲ್ದು, ಡಾಕ್ಟರಿಗೆ ತೋರಸ್ರಿ" ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ತಲೆ ಹೋಗಿದೆ ಅನ್ನುವ ಮಾತು ಮನೆಯೊಳಗೆ ಬಂದದ್ದು ಆ ದಿನ. ನಿಮ್ಮಪ್ಪ ಸೋಲಾಪುರಕ್ಕೆ ಕರೆದುಕೊಂಡು ಹೋಗಿ ತೋರಿಸಿದ. ಡಾಕ್ಟರರು ವಯಸ್ಸಿನದು, ನೋಡೋಣ ಅಂದರು. ನಾನು ಹೊರಗಿನ ಬೆಂಚಿನ ಮೇಲೆ ಕೈಚೀಲ ಹಿಡಿದುಕೊಂಡು ಕುಳಿತಿದ್ದೆ.

ಮುತ್ಯಾ ಕಂಪ್ಯೂಟರ್ ಬಿಟ್ಟರು. ಬೆಳಿಗ್ಗೆ ಸ್ನಾನವಾದ ಮೇಲೆ ಹಿತ್ತಲಲ್ಲಿ ಕುಳಿತು ಹತ್ತೊಂಬತ್ತರ ಮಗ್ಗಿ ಹೇಳಿಕೊಳ್ಳುತ್ತಿದ್ದರು. ಅದು ಮುಗಿದ ಮೇಲೆ ಇಂಡಿಯಿಂದ ಸಿಂದಗಿಯ ತನಕ ಬಸ್ಸು ನಿಲ್ಲುವ ಊರುಗಳು. ಆಮೇಲೆ ತಾಂಬಾದಲ್ಲಿ ತಮ್ಮ ಮೊದಲ ಹತ್ತನೆಯ ಇಯತ್ತೆಯ ಹುಡುಗರ ಹಾಜರಿ, ಒಂದರಿಂದ ಮೂವತ್ತೆಂಟು. ಎಲ್ಲಿಯೂ ತಪ್ಪುತ್ತಿರಲಿಲ್ಲ. ತಪ್ಪದೆ ಮುಗಿಸಿದರೂ ಸಮಾಧಾನವಾಗುತ್ತಿರಲಿಲ್ಲ. ತಲೆ ಹೋಗುವಾಗ ಹಳೆಯದು ಉಳಿಯುತ್ತದೆ, ಹೊಸದು ಹೋಗುತ್ತದೆ ಎಂದು ಎಲ್ಲಿಯೋ ಕೇಳಿದ್ದರು. ಅದಕ್ಕೆ ನಿನ್ನೆ ಏನು ಪಲ್ಯ ತಿಂದೆ, ಮೊನ್ನೆ ಯಾರು ಬಂದಿದ್ದರು ಎಂದು ತಮ್ಮನ್ನು ತಾವೇ ಕೇಳಿಕೊಂಡು, "ಹೌದಲ್ಲ?" ಎಂದು ನನ್ನನ್ನು ಕೇಳುತ್ತಿದ್ದರು. ಹೌದ್ರಿ ಅನ್ನುತ್ತಿದ್ದೆ. ಬರುವವರ ಹತ್ತಿರ ಮಾತು ಕಡಿಮೆ ಮಾಡಿದರು. ತಪ್ಪು ಮಾತಾಡಿ ನಗೆಗೀಡಾಗಬಾರದೆಂದು. ಅದನ್ನು ನೋಡಿದ ಜನ, ಪಾಪ ತಲೆ ಹೋಯಿತು ಎಂಬ ಮಾತನ್ನು ಇನ್ನಷ್ಟು ಗಟ್ಟಿ ಮಾಡಿಕೊಂಡರು. ನೀವು ಸಣ್ಣವರಿದ್ದಾಗ ಕಂಡ, ಗೋಡೆಗೆ ಒರಗಿ ಸುಮ್ಮನೆ ಕೂರುವ ಮುತ್ಯಾ ಇವರು.

ಅವರು ಹೋಗುವ ಮೊದಲಿನ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ನಾನು ಜೋಳ ಹಸನು ಮಾಡುತ್ತಿದ್ದೆ. ಅವರು ತಟ್ಟನೆ ಮಾತಾಡಿದರು.

"ಆವತ್ತ ಪಂಪ್ ಹೌಸಿನ್ಯಾಗ ನೀ ಹೆಂಗ ಹೇಳಿದಿ?"

"ಏನ್ ಹೆಂಗ್ರಿ?"

"ಮೂರನೇ ಹೆಸರು. ನೀ ನನ್ನ ಹೆಸರು ಹೇಳಾಕಿ ಅಲ್ಲ. ಬಳಿ ಬಡಿತಿ. ಆ ಮೋಟರಿನ ಸಪ್ಪಳದಾಗ ಬಳಿ ಬಡದ್ರ ನನಗ ಕೇಳೂದಿಲ್ಲ. ಹಂಗಾದ್ರ ನಾ ಮರತಿಲ್ಲ."

ನೋಡಿ ಮಕ್ಕಳೇ, ತಲೆ ಹೋದವರು ಹೀಗೆ ಲೆಕ್ಕ ಹಾಕುತ್ತಾರೆಯೇ? ಎರಡು ವರ್ಷ ಕತ್ತಲಲ್ಲಿ ಕುಳಿತು ತಪ್ಪು ಎಲ್ಲಿದೆ ಎಂದು ತಾವೇ ಹುಡುಕಿಕೊಂಡು ಬಂದಿದ್ದರು. ನನ್ನ ಒಂದು ಮಾತು ಸಾಕಿತ್ತು. ಆದರೆ ಎರಡು ವರ್ಷ ಅವರ ಮಗ್ಗಿ ಕೇಳುತ್ತ ಸುಮ್ಮನಿದ್ದವಳು ನಾನು ಎಂದು ಅವರಿಗೆ ಗೊತ್ತಾಗುತ್ತದಲ್ಲ, ಆ ಭಯ ನನ್ನನ್ನು ಹಿಡಿಯಿತು.

"ಬಳಿ ಅಲ್ರಿ" ಅಂದೆ. "ಬಾಯಿಲೆ ಹೇಳಿದ್ದೆ."

"ನನ್ನ ಹೆಸರು?"

"ಹೂಂ."

"ನೀ?"

ನಾನು ಮೊರ ಎತ್ತಿ ಕೇರಲು ಶುರು ಮಾಡಿದೆ. ಅವರು ಮಗ್ಗಿಯ ದನಿಯಲ್ಲಿ ಅಲ್ಲ, ಬೇರೆ ದನಿಯಲ್ಲಿ, "ನೀ ಹೆಸರು ಹಿಡದು ಅಂದಿ, ನಾ ಅದನ್ನೂ ಮರತೆ" ಅಂದರು. ಅವರ ಕಣ್ಣಿಂದ ನೀರು ಬಂತು. ಕೆಲಸ ಹೋದಾಗ ಬಂದಿರಲಿಲ್ಲ, ಕಣ್ಣು ಹೋದಾಗಲೂ ಬಂದಿರಲಿಲ್ಲ.

ಅಂದಿನಿಂದ ಅವರು ಹಿತ್ತಲಲ್ಲಿ ಕುಳಿತು ಏನನ್ನೂ ಹೇಳಿಕೊಳ್ಳಲಿಲ್ಲ. ಇನ್ನು ಪರೀಕ್ಷೆ ಬೇಕಿಲ್ಲ, ಫಲಿತಾಂಶ ಬಂತು ಎನ್ನುವ ಹಾಗೆ. ಆಗಾಗ, "ಹೆಂಗ ಅಂದಿ? ಪೂರಾ ಅಂದ್ಯೋ, ಅರ್ಧ ಅಂದ್ಯೋ?" ಎಂದು ಕೇಳುತ್ತಿದ್ದರು. ನಾನು "ಪೂರಾ" ಅನ್ನುತ್ತಿದ್ದೆ. ಬೇಸಿಗೆ ಬರುವ ಮೊದಲೇ ಹೋದರು.

ಅವರ ವರ್ಷದ ತಿಥಿಯ ದಿನ ಮನೆ ತುಂಬ ಜನ. ಊಟಕ್ಕೆ ಕುಳಿತವರೊಬ್ಬರು, "ಮಾಸ್ತರಂಥಾ ಶ್ಯಾಣೇ ಮನುಷ್ಯಾಗ ಕಡೀಕ ತಲಿ ಹೋಗಬಾರದಿತ್ತು" ಅಂದರು. ನಿಮ್ಮಪ್ಪ ತಲೆ ಅಲ್ಲಾಡಿಸಿದ. ನಾನು ಹುಗ್ಗಿ ಬಡಿಸುತ್ತಿದ್ದೆ. ಅವರ ಎಲೆಗೆ ಇನ್ನೊಂದು ಸೌಟು ಹಾಕಿ ಮುಂದಿನ ಎಲೆಗೆ ಹೋದೆ. ಪಂಪ್ ಹೌಸಿನಲ್ಲಿ ಒಮ್ಮೆ, ಜೋಳದ ಮುಂದೆ ಒಮ್ಮೆ; ಮಾತು ನನ್ನೆದುರಿಗೇ ಬಂದಾಗ ನಿಜ ನುಂಗಿದ್ದು ಇದು ಮೂರನೆಯ ಸಲ.

ಇದನ್ನು ನೀವು ನಿಮ್ಮಷ್ಟಕ್ಕೆ ಓದಿಕೊಂಡು ಇಡಬೇಡಿ. ದೊಡ್ಡವಳು ಜೋರಾಗಿ ಓದಬೇಕು, ನಿಮ್ಮಪ್ಪ ಕೇಳಬೇಕು. ಅವನು ಸಿಟ್ಟಾಗಬಹುದು, ಆಗಲಿ. ಸೋಲಾಪುರದ ಬೆಂಚಿನ ಮೇಲೆ ಯಾಕೆ ಬಾಯಿ ಬಿಡಲಿಲ್ಲ ಎಂದು ಅವನು ಕೇಳಬಹುದು, ಕೇಳಲಿ. ಓದುವ ದಿನ ನನ್ನನ್ನೂ ಕರೆಯಿರಿ. ಅಡುಗೆ ಮನೆಗೆ ಎದ್ದು ಹೋಗುವುದಿಲ್ಲ, ಮುಗಿಯುವ ತನಕ ಅಲ್ಲೇ ಕೂರುತ್ತೇನೆ.